ಚಾಟ್‌ನ ಭಾವನೆ ಗ್ರಾಫ್ ಕೊನೆಗೂ ಓದಲು ಬಂತು

ಇಂಗ್ಲಿಷ್ ಗುಂಪು ಚಾಟ್‌ನ ಪ್ರತಿ ಮೆಸೇಜಿಗೂ ವೇಡರ್‌ನಿಂದ (ಬರಹದ ಭಾವನೆ ಒಳ್ಳೆಯದಾದರೆ ಪ್ಲಸ್, ಕೆಟ್ಟದಾದರೆ ಮೈನಸ್ ಅಂಕ ಕೊಡುವ ಪ್ರೋಗ್ರಾಂ) ಅಂಕ ಹಾಕಿಸಿ ಗ್ರಾಫ್ ಎಳೆದರೆ ಬರೀ ಗರಗಸದ ಹಲ್ಲು. ಜಗಳ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಅಳತೆಯ ತುಂಡಿನಲ್ಲಿ. ಚಾಟ್‌ನಲ್ಲಿ ಯಾರೂ ಇಡೀ ಮಾತನ್ನು ಒಂದೇ ಸಲ ಕಳಿಸುವುದಿಲ್ಲ. ‘ಫೈನ್’, ‘ಡೂ ವಾಟ್ ಯು ವಾಂಟ್’, ‘ಐ ಡೋಂಟ್ ಕೇರ್’ ಅಂತ ಮೂರು ಮೆಸೇಜ್ ಸಾಲಾಗಿ ಬರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಮೊದಲನೆಯದಕ್ಕೆ ಪ್ಲಸ್ ಅಂಕ! ಹಾಗಾಗಿ ಒಬ್ಬರೇ ಬೆನ್ನುಬೆನ್ನಿಗೆ ಕಳಿಸಿದ್ದನ್ನೆಲ್ಲ ಸೇರಿಸಿ ಒಂದೇ ಸರದಿ ಮಾಡಿ ಅಂಕ ಹಾಕಿಸಿದೆ. ಈಗ ಮೈನಸ್ ಬಂತು. ಪ್ರತಿಯೊಬ್ಬರಿಗೂ ಬೇರೆ ಗೆರೆ, ಸರಾಸರಿಯ ಬದಲು ಚಲಿಸುವ ಮಧ್ಯಾಂಕ, ಅಂದರೆ ಅಕ್ಕಪಕ್ಕದ ಕೆಲವು ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕ. ಅಷ್ಟಕ್ಕೇ ಹಲ್ಲುಗಳು ಬಹುಪಾಲು ಹೋದವು.

ಇನ್ನೊಂದು ಕೊರತೆ ಉಳಿದಿತ್ತು. ಬೇಸರವೂ ಸಿಟ್ಟೂ ಎರಡೂ ಮೈನಸ್ಸೇ. ಮನೋವಿಜ್ಞಾನಿ ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನು ಹಿತ-ಅಹಿತ, ಉದ್ರೇಕ-ಶಾಂತ ಎಂಬ ಎರಡು ಅಕ್ಷಗಳ ಮೇಲೆ ಇಟ್ಟಿದ್ದರು. ಅದನ್ನೇ ಹಿಡಿದು ಹಿತ-ಅಹಿತಕ್ಕೆ ಬಣ್ಣ (ಹಿತಕ್ಕೆ ಹಸಿರು, ಅಹಿತಕ್ಕೆ ಕೆಂಪು), ಉದ್ರೇಕಕ್ಕೆ ಚುಕ್ಕಿಯ ಗಾತ್ರ ಕೊಟ್ಟೆ. ಉದ್ರೇಕವನ್ನು ಉದ್ಗಾರ ಚಿಹ್ನೆ, ದೊಡ್ಡಕ್ಷರ, ಉತ್ತರದ ವೇಗದಿಂದ ಅಂದಾಜು ಮಾಡಿದ್ದು. ಒರಟು ಲೆಕ್ಕ, ಆದರೆ ಉಪಯೋಗಕ್ಕೆ ಬರುತ್ತದೆ.

ಈಗ ಜಗಳ ದೊಡ್ಡ ಕೆಂಪು ಚುಕ್ಕಿಗಳ ಗುಂಪಾಗಿ ಎದ್ದು ಕಾಣುತ್ತದೆ. ವ್ಯಂಗ್ಯದ ಮಾತು ಮಾತ್ರ ಇನ್ನೂ ಹಸಿರಾಗಿಯೇ ಬರುತ್ತಿದೆ.