ಮದುವೆ ಹಾಲ್‌ನ ಎಲ್‌ಇಡಿ ಬೆಳಕಿನಲ್ಲಿ ಶಟರ್ ಎಷ್ಟಿಡಬೇಕು

ಕುಂಬಳೆ, ಬದಿಯಡ್ಕ ಕಡೆ ಮದುವೆ ಫೋಟೋ ತೆಗೆಯಲು ಹೊಸದಾಗಿ ಹೊರಟವರಿಗೆ ಒಂದು ಮಾತು. ಹಾಲ್‌ಗಳಲ್ಲಿ ಈಗ ಎಲ್ಲಾ ಎಲ್‌ಇಡಿ ಲೈಟು ಅಲ್ವಾ, ಅದರಡಿಯಲ್ಲಿ ಫ್ಲ್ಯಾಶ್ ಇಲ್ಲದೆ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/250 ಸೆಕೆಂಡು ಇಟ್ಟರೆ ಕೆಲವೊಮ್ಮೆ ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಒಂದು ಮದುವೆಯಲ್ಲಿ ನನಗೆ ಹಾಗೆಯೇ ಆಯಿತು, ಮದುಮಗಳ ಮುಖದ ಮೇಲೆಯೇ ಪಟ್ಟಿ, ಧಾರೆ ಎರೆಯುವುದನ್ನು ಇನ್ನೊಮ್ಮೆ ಮಾಡಿಸಲು ಆಗುತ್ತದೆಯೇ? ತುಂಬಾ ಬೇಜಾರಾಯಿತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ಲೈಟು ಒಂದು ಸುತ್ತಿಗೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100ಕ್ಕೆ ಇಳಿಸಿ, ಆಗ ಒಂದು ಮಿನುಗು ಪೂರ್ತಿ ಫೋಟೋದೊಳಗೆ ಬರುತ್ತದೆ; ಸುಮ್ನೆ ನಿಂತವರಿಗಾದರೆ 1/50 ಕೂಡ ಆಗುತ್ತದೆ. ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್) ಮಾತ್ರ ಬೇಡ, ಹೆಚ್ಚಿನ ಕ್ಯಾಮೆರಾಗಳಲ್ಲಿ ಪಟ್ಟಿ ಅದರಲ್ಲೇ ಜಾಸ್ತಿ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಮಂಟಪದಲ್ಲಿ ನಾಲ್ಕು ಫೋಟೋ ತೆಗೆದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ.