ಮುಚ್ಚಿಗೆಯಿಂದ ಪೆಟ್ಟಿಗೆಗೆ ಬಂದ ತುಡುವೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಂಚಿನ ಮನೆ. ಹಂಚಿನ ಕೆಳಗಿನ ಹಲಗೆಯ ಮುಚ್ಚಿಗೆಯ ಮೇಲೆ ತುಡುವೆ ಜೇನು ಗೂಡು ಕಟ್ಟಿತ್ತು. ರಾತ್ರಿ ದೀಪಕ್ಕೆ ನೊಣಗಳು ಇಳಿಯುತ್ತಿದ್ದವು. ಮಗಳಿಗೆ ಎರಡು ಸಲ ಕುಟುಕಿದವು. ಬೆಂಕಿ ಹಿಡಿಯಿರಿ ಎಂದವರೂ ಇದ್ದರು. ತೋಟ ನಂಬಿದ ನಮಗೆ ಮನಸ್ಸಾಗಲಿಲ್ಲ.

ಯಾವ ಜೇನೆಂದು ಮೊದಲು ನೋಡಿ. ಬಯಲಲ್ಲಿ ಒಂದೇ ದೊಡ್ಡ ಎರಿ (ಮೇಣದ ತಟ್ಟೆ) ನೇತಾಡಿದರೆ ಹೆಜ್ಜೇನು, ಹತ್ತಿರ ಹೋಗಲೇಬೇಡಿ. ಕತ್ತಲೆ ಸಂದಿನಲ್ಲಿ ಸಾಲಾಗಿ ಹಲವು ಎರಿಗಳಿದ್ದರೆ ತುಡುವೆ. ಅದು ಪೆಟ್ಟಿಗೆಗೆ ಒಗ್ಗುತ್ತದೆ.

ಜೇನು ಸಾಕುವ ನೆರೆಮನೆಯ ಅಣ್ಣ ಸಂಜೆ ಬಂದರು. ತೆಂಗಿನ ಸಿಪ್ಪೆಯ ಹೊಗೆ ಕೊಟ್ಟು, ಹಲಗೆ ಕಳಚಿ, ಮರಿಯಿರುವ ಎರಿಗಳನ್ನು ಒಂದೊಂದಾಗಿ ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿದರು. ಉದ್ದ ಹೊಟ್ಟೆಯ, ಕಪ್ಪಗಿನ ರಾಣಿ ಕೊನೆಯ ಎರಿಯ ಅಂಚಿನಲ್ಲಿತ್ತು. "ಇದು ಬಂದರೆ ಉಳಿದದ್ದೆಲ್ಲ ಬರ್ತದೆ" ಅಂದರು. ಹಾಗೇ ಆಯಿತು. ಕತ್ತಲಾಗುವಷ್ಟರಲ್ಲಿ ನೊಣಗಳು ಸಾಲಾಗಿ ಪೆಟ್ಟಿಗೆಯ ಬಾಯಿಗೆ ನಡೆದು ಹೋದದ್ದನ್ನು ನೋಡಿ ನನ್ನ ಕಣ್ಣು ತುಂಬಿತು.

ಪೆಟ್ಟಿಗೆ ಈಗ ತೋಟದಲ್ಲಿದೆ. ಇರುವೆ ಹತ್ತದಂತೆ ಕಾಲಿನ ಸುತ್ತ ನೀರು. ಮೊದಲ ವಾರ ಸಕ್ಕರೆ ಪಾಕ ಇಟ್ಟೆವು. ಮುಚ್ಚಿಗೆಯಲ್ಲಿ ಅಂಟಿದ್ದ ಮೇಣ ಕೆರೆದು ತೆಗೆಯಲು ಮರೆಯಬೇಡಿ. ಆ ವಾಸನೆಗೆ ಮತ್ತೊಂದು ಹಿಂಡು ಬರುತ್ತದೆ. ಸಂದುಗಳಿಗೆ ಸಣ್ಣ ಕಣ್ಣಿನ ಬಲೆ ಹೊಡೆದಿದ್ದೇನೆ.