ಮುಧೋಳ ಮರಿಯ ಕೆಟ್ಟ ತಿಂಗಳುಗಳು: ಪುಣೆಯ ಫ್ಲ್ಯಾಟಿನಲ್ಲಿ ನಾನು ದಾಟಿಸಿದ ಬಗೆ

ಮುಧೋಳ ನಾಯಿ ಸಾಕಿದವರಿಗೆ ಗೊತ್ತಿರುತ್ತದೆ. ಎರಡು ತಿಂಗಳಿಗೆ ಮುದ್ದು ಬರುತ್ತದೆ, ಒಂದೂವರೆ ವರ್ಷಕ್ಕೆ ದೃಷ್ಟಿ ತೆಗೆಯಬೇಕು ಅನ್ನಿಸುತ್ತದೆ. ನಡುವಿನ ಏಳೆಂಟು ತಿಂಗಳು ಮಾತ್ರ ಯಾರಿಗೂ ತೋರಿಸುವ ಹಾಗಿರುವುದಿಲ್ಲ. ಕಾಲು ಉದ್ದ, ಎದೆ ಇಲ್ಲ, ಹಿಂಭಾಗ ಮೇಲೆ, ಮುಂಭಾಗ ಕೆಳಗೆ, ಒಂದು ಕಿವಿ ಮಡಚಿದ್ದರೆ ಇನ್ನೊಂದು ಹಿಂದೆ ಹಾರಿರುತ್ತದೆ. ನಮ್ಮ ಚಿಗರಿ ಇದರ ಜೊತೆಗೆ ಮುಂಗಾಲಿನ ಮಣಿಕಟ್ಟನ್ನೂ ಇಳಿಸಿಕೊಂಡಿದ್ದಳು. ‘ಈ ಮರಿ ಕೈಬಿಟ್ಟ ಹಾಗೇ’ ಅಂದವರು ಐದಾರು ಜನ. ಈಗ ಅವಳಿಗೆ ವರ್ಷ ಮೀರಿ ನಾಲ್ಕು ತಿಂಗಳು. ಅದೇ ಜನ ‘ಮರಿ ಯಾವಾಗ ಹಾಕಿಸ್ತೀರಿ, ನಮಗೊಂದು ಇರಲಿ’ ಅಂತಿದ್ದಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ತಂದದ್ದು ಮುಧೋಳದ ಹತ್ತಿರದ ಒಂದು ಹಳ್ಳಿಯಿಂದ. ಹದಿಮೂರೋ ಹದಿನಾಲ್ಕೋ ಸಾವಿರ ಕೊಟ್ಟ ನೆನಪು. ಜಮಖಂಡಿ, ಅಥಣಿ, ಮಿರಜ್ ದಾರಿಯಲ್ಲಿ ಕಾರಿನಲ್ಲೇ ಪುಣೆಗೆ ಬಂದೆವು. ಆಗ ಕಾಲು ಕಡ್ಡಿ ಹಾಗೆ ನೇರ. ನಮ್ಮದು ಧನಕವಡಿಯಲ್ಲಿ ನಾಲ್ಕನೇ ಮಹಡಿ, ಮನೆ ತುಂಬಾ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಮೂರು ತಿಂಗಳು ತುಂಬುವ ಹೊತ್ತಿಗೆ ಪಾಸ್ಟರ್ನ್, ಅಂದರೆ ಮುಂಗಾಲಿನ ಮಣಿಕಟ್ಟಿನ ಭಾಗ, ಕುಸಿದು ಪಾದ ಚಪ್ಪಟೆ ಆಯಿತು, ಬೆರಳು ಬಿಚ್ಚಿಕೊಂಡವು, ಎರಡೂ ಪಾದ ಈಸ್ಟ್-ವೆಸ್ಟ್, ಅಂದರೆ ಒಂದು ಆ ಕಡೆ ಒಂದು ಈ ಕಡೆ, ಹೊರಗೆ ತಿರುಗಿದವು. ಹಿಂದಿನಿಂದ ನೋಡಿದರೆ ಹಿಂಗಾಲಿನ ಹಿಮ್ಮಡಿ ಕೀಲುಗಳು (ಹಾಕ್ಸ್) ಒಂದಕ್ಕೊಂದು ತಾಗುತ್ತಿದ್ದವು.

ಎಲ್ಲರದ್ದೂ ಒಂದೇ ಮಾತು: ಕ್ಯಾಲ್ಸಿಯಂ ಕೊಡಿ. ಮೊದಲು ತೋರಿಸಿದ ಡಾಕ್ಟರು ಸಿರಪ್ ಬರೆದು, ಎರಡೂ ಕಾಲಿಗೆ ಪಟ್ಟಿ ಕಟ್ಟಿ ಕಳಿಸಿದರು. ವಾರದಲ್ಲಿ ಪಟ್ಟಿಯ ಅಂಚು ಉಜ್ಜಿ ಚರ್ಮ ಕೆಂಪಾಯಿತು. ಬಿಚ್ಚಿ ನೋಡಿದರೆ ಕಾಲು ಮೊದಲಿಗಿಂತ ಮೆತ್ತಗೆ. ದುಡಿಸದ ಸ್ನಾಯು ಗಟ್ಟಿಯಾಗುವುದಾದರೂ ಹೇಗೆ? ಅಲ್ಲಿಗೆ ಎರಡು ಸಾವಿರದ ಹತ್ತಿರ ಹೋಯಿತು.

ಇನ್ನೊಬ್ಬರ ಹತ್ತಿರ ಎಕ್ಸ್-ರೇ ತೆಗೆಸಿದೆ. ಎರಡು ಪ್ಲೇಟಿಗೆ ಸಾವಿರದ ಆರುನೂರೋ ಏನೋ. ಈ ದುಡ್ಡು ಮಾತ್ರ ಸಾರ್ಥಕ. ಮೂಳೆ ಬೆಳೆಯುವ ತುದಿ (ಗ್ರೋತ್ ಪ್ಲೇಟ್) ಸರಿಯಾಗಿತ್ತು, ಮೂಳೆ ಮೆತ್ತಗಾಗುವ ರಿಕೆಟ್ಸ್ ಇರಲಿಲ್ಲ. ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಮನೆ ನೆಲ ಹೇಗಿದೆ?’

ಅಲ್ಲಿ ತಲೆ ಓಡಿತು. ಊರಲ್ಲಿ ನಾನು ನೋಡಿದ ಮುಧೋಳ ಮರಿಗಳೆಲ್ಲ ಜೋಳದ ರೊಟ್ಟಿ, ಹಾಲು ತಿಂದು ಬೆಳೆದವು. ಯಾವುದಕ್ಕೂ ಯಾರೂ ಸಿರಪ್ ಹಾಕಿದವರಲ್ಲ. ಅವುಗಳ ಕಾಲ ಕೆಳಗೆ ಇದ್ದದ್ದು ಗಟ್ಟಿ ಮಣ್ಣು. ಚಿಗರಿ ನನ್ನ ಹಾಲ್‌ನಲ್ಲಿ ದಿನವಿಡೀ ಜಾರುತ್ತಿದ್ದಳು. ಜಾರದಿರಲಿ ಅಂತ ಬೆರಳು ಅಗಲಿಸಿ, ಪಾದ ಹೊರಗೆ ತಿರುಗಿಸಿ ನಿಲ್ಲುತ್ತಿದ್ದಳು. ಸಿರಪ್ ಬಾಟಲಿ ವಾಪಸ್ ಕೊಟ್ಟೆ, ಅಂಗಡಿಯವನು ತೆಗೆದುಕೊಂಡ, ಪುಣ್ಯಾತ್ಮ. ಊಟದಲ್ಲಿ ಅರ್ಧ ಒಳ್ಳೆಯ ಪಪ್ಪಿ ಕಿಬಲ್ (ಅಂಗಡಿಯ ಒಣ ಆಹಾರ) ತಿನ್ನುವ ಮರಿಗೆ ಮೇಲಿಂದ ಮೇಲೆ ಕ್ಯಾಲ್ಸಿಯಂ ಸುರಿದರೆ, ಅಷ್ಟು ಸಣ್ಣ ವಯಸ್ಸಿನಲ್ಲಿ ದೇಹಕ್ಕೆ ಅದನ್ನು ಬೇಡ ಅನ್ನಲು ಬರುವುದಿಲ್ಲ. ಮೂಳೆಯೇ ಕೆಡುತ್ತದೆ.

ನೆಲ ಸರಿ ಮಾಡುವುದೇ ದೊಡ್ಡ ಕಥೆ. ಮೊದಲು ಹಳೆ ಜಮಖಾನ ಹಾಸಿದೆ. ಮರಿ ಓಡಿದರೆ ಜಮಖಾನವೂ ಜೊತೆಗೇ ಓಡುತ್ತಿತ್ತು. ಆಮೇಲೆ ಯೋಗಾ ಮ್ಯಾಟ್, ನಾಲ್ಕು. ಮೂರನೇ ದಿನ ಕಕ್ಕದಲ್ಲಿ ನೀಲಿ ಸ್ಪಾಂಜು ಕಂಡಿತು, ಎಲ್ಲವನ್ನೂ ಎತ್ತಿಟ್ಟೆ. ಮಕ್ಕಳ ಕೋಣೆಗೆ ಹಾಕುವ ಜೋಡಿಸುವ ಫೋಮ್ ಚೌಕಗಳು ಇನ್ನೂ ಕಡಿಮೆ ದಿನ ಬಾಳಿದವು. ತೆಂಗಿನ ನಾರಿನ ಚಾಪೆ ಹಿಡಿತಕ್ಕೆ ಚೆನ್ನಾಗಿತ್ತು. ಆದರೆ ಮರಿ ಒಮ್ಮೆ ಉಚ್ಚೆ ಹೊಯ್ದ ಮೇಲೆ ಮನೆಯವಳು ಚಾಪೆಯನ್ನೂ ನನ್ನನ್ನೂ ಬಾಲ್ಕನಿಗೆ ಹಾಕಿದಳು. ಕೊನೆಗೆ ಭವಾನಿ ಪೇಠದಲ್ಲಿ ಗೆರೆ ಗೆರೆ ಇರುವ ರಬ್ಬರ್ ಶೀಟಿನ ರೋಲ್ ಸಿಕ್ಕಿತು, ಟೆಂಪೋ ನೆಲಕ್ಕೆ ಹಾಸುತ್ತಾರಲ್ಲ, ಅಂಥದ್ದು. ಬಾಲ್ಕನಿಯಿಂದ ಹಾಲ್ ದಾಟಿ ಅಡುಗೆಮನೆ ತನಕ ಕತ್ತರಿಸಿ ಹಾಕಿದೆ, ಅಂಚಿಗೆ ಟೇಪ್. ನಾಲ್ಕೂವರೆ ಸಾವಿರ ಬಿತ್ತು. ಆಟ, ಊಟ, ಓಡಾಟ ಎಲ್ಲ ಅದರ ಮೇಲೇ. ಸೋಫಾ ಹತ್ತುವುದು ಬಂದ್. ಎರಡು ವಾರದಲ್ಲಿ ಬೆರಳು ಮತ್ತೆ ಮುಷ್ಟಿ ಕಟ್ಟಿದವು. ಐದಾರು ವಾರಕ್ಕೆ ಮಣಿಕಟ್ಟು ಎದ್ದಿತು. ಉಗುರನ್ನು ವಾರಕ್ಕೊಮ್ಮೆ ಉಜ್ಜುತ್ತಿದ್ದೆ, ಅದನ್ನು ಮಾಡದಿದ್ದರೆ ರಬ್ಬರೂ ಕೆಲಸ ಮಾಡುವುದಿಲ್ಲ.

ಹೊರಗೆ ತಳಜಾಯಿ ಗುಡ್ಡದ ಕಡೆಯ ಮಣ್ಣಿನ ದಾರಿ. ಓಟ ಇಲ್ಲ, ಚೆಂಡು ಎಸೆಯುವುದು ಇಲ್ಲ, ಸಡಿಲ ಹಗ್ಗದಲ್ಲಿ ಅವಳದೇ ನಡಿಗೆ. ನಮ್ಮ ಓಣಿಯಲ್ಲಿ ಒಂದು ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದರು, ಮುಂದೆ ಮರಳಿನ ರಾಶಿ. ವಾಚ್‌ಮನ್‌ಗೆ ಚಹಾ ಕುಡಿಸಿ ಒಪ್ಪಿಸಿದೆ. ದಿನಾ ಸಂಜೆ ಹತ್ತು ನಿಮಿಷ ಅವಳು ಅದನ್ನು ಹತ್ತಿ ಕೆದರಿ ಇಳಿಯುತ್ತಿದ್ದಳು. ಮುಂಗಾಲಿಗೆ ಇದಕ್ಕಿಂತ ಒಳ್ಳೆ ಜಿಮ್ ನಾನು ಕಂಡಿಲ್ಲ. ಮರಳಿನಿಂದ ಬಂದ ಮೇಲೆ ಕಾಲು ಒರೆಸಿ ಒಂದು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಯಾವ ಎಣ್ಣೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಹೇಳುತ್ತೇನೆ, ಬರುವಾಗ ಕರದಂಟು ತನ್ನಿ.

ಕಾಲು ಸರಿಯಾಯಿತು ಅನ್ನುವಷ್ಟರಲ್ಲಿ ಮೈ ಶುರುವಾಯಿತು. ಐದು ತಿಂಗಳಿಗೆ ಸೊಂಟ ಹೆಗಲಿಗಿಂತ ಎರಡು ಬೆರಳು ಎತ್ತರ. ಆರನೇ ತಿಂಗಳಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಲಿಫ್ಟಿನಲ್ಲಿ ಸಿಕ್ಕ ಅಜ್ಜಿ ‘ಉಪಾಶಿ ಠೇವತಾ ಕಾಯ?’ (ಉಪವಾಸ ಇಡ್ತೀರಾ?) ಅಂತ ಮರಾಠಿಯಲ್ಲಿ ಕೇಳೇ ಬಿಟ್ಟರು. ಸೊಸೈಟಿ ಗ್ರೂಪಿನಲ್ಲಿ ಯಾರೋ ಪ್ರಾಣಿದಯೆಯ ಬಗ್ಗೆ ಉಪದೇಶ ಹಾಕಿದರು, ಹೆಸರು ಹೇಳದೆ. 2005ರ ಅಂಚೆಚೀಟಿಯಲ್ಲಿ ಬಂದ ಜಾತಿ ಇದೇ ಅಂದರೆ ಯಾರೂ ನಂಬುವ ಸ್ಥಿತಿಯಲ್ಲಿರಲಿಲ್ಲ, ಕತ್ತೆಮರಿ ಹಾಗೇ ಇತ್ತು. ನನ್ನ ಲೆಕ್ಕ ಸರಳ. ಈ ಜಾತಿಗೆ ಕೊನೆಯ ಎರಡು ಮೂರು ಎಲುಬು, ಸೊಂಟದ ಮೂಳೆಯ ತುದಿ ಕಾಣಲೇಬೇಕು. ತೊಡೆಯಲ್ಲಿ, ಬೆನ್ನ ಮೇಲೆ ಮಾಂಸ ಕೈಗೆ ಸಿಕ್ಕರೆ ಸಾಕು. ಕಣ್ಣಿಗಿಂತ ಕೈ ನಂಬಬೇಕು.

ದಪ್ಪ ಮಾಡಲು ಹೋಗಲಿಲ್ಲ. ತೂಗಲು ಸೂಟ್‌ಕೇಸ್ ತೂಗುವ ತಕ್ಕಡಿ, ಬಟ್ಟೆ ಚೀಲದಲ್ಲಿ ಮರಿ. ನಾಲ್ಕು ತಿಂಗಳಿಗೆ ಒಂಬತ್ತು ಕಿಲೋ ಸುಮಾರು, ಆರಕ್ಕೆ ಹದಿನಾಲ್ಕು ಹದಿನೈದು. ಆಮೇಲೆ ಚೀಲದಲ್ಲಿ ಕೂರಲಿಲ್ಲ. ಈಗ ಇಪ್ಪತ್ತೊಂದು. ಬೇಯಿಸಿದ ಕೋಳಿ, ಜೋಳದ ರೊಟ್ಟಿ, ಮೊಟ್ಟೆ, ಕಿಬಲ್ ಸೇರಿ ತಿಂಗಳಿಗೆ ನಾಲ್ಕು ಸಾವಿರ ದಾಟುತ್ತಿರಲಿಲ್ಲ. ನಡುವೆ ರಾಗಿ ಅಂಬಲಿ ಪ್ರಯೋಗ ಮಾಡಿದೆ, ನಾಲ್ಕು ದಿನ ಭೇದಿ ಆಯಿತು, ನಿಲ್ಲಿಸಿದೆ. ಸಣ್ಣಗಿಟ್ಟರೆ ನಾಯಿ ಹಾಳಾಗುತ್ತದೆ ಅನ್ನುವವರಿಗೆ ನಾಯಿ ಆಹಾರದ ಕಂಪನಿ ಪ್ಯೂರಿನಾದವರ ಲ್ಯಾಬ್ರಡಾರ್ ಪ್ರಯೋಗ ಹೇಳುತ್ತೇನೆ. 48 ನಾಯಿ, ಅರ್ಧಕ್ಕೆ ಕಾಲು ಭಾಗ ಕಡಿಮೆ ಊಟ, ಅವು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು. ಕೇಳಿದವರು ತಲೆಯಾಡಿಸಿ ಮತ್ತೆ ಬಿಸ್ಕತ್ತು ಹಾಕುತ್ತಾರೆ, ಅದು ಬೇರೆ.

ಅದೇ ಸೂಲಿನ ಗಂಡು ಮರಿ ಚಿಂಚವಡದ ಗೆಳೆಯನ ಹತ್ತಿರ ಇದೆ. ಅವನದು ತುಪ್ಪ, ಹಾಲು, ದಿನಾ ಎರಡು ಮೊಟ್ಟೆ. ಎಂಟು ತಿಂಗಳಿಗೆ ನೋಡಲು ನನ್ನದಕ್ಕಿಂತ ಎಷ್ಟೋ ವಾಸಿ. ಆಮೇಲೆ ಕುಂಟಿತು, ಒಂದು ವಾರ ಈ ಕಾಲು, ಮುಂದಿನ ವಾರ ಆ ಕಾಲು. ಪಾನೋಸ್ಟೈಟಿಸ್ ಅಂದರು, ಬೆಳೆಯುವ ಮರಿಗಳಿಗೆ ಬರುವ ಮೂಳೆನೋವು, ತಾನಾಗಿ ಹೋಯಿತು. ಊಟದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ತೆಳ್ಳಗಿನ ನಾಯಿಗೂ ಬರುತ್ತದೆ. ಆದರೆ ಅವನ ನಾಯಿಯ ಮುಂಗಾಲು ಇವತ್ತಿಗೂ ಸ್ವಲ್ಪ ಹೊರಗೇ ಇದೆ, ಅವನ ಮನೆಯಲ್ಲಿ ಇವತ್ತಿಗೂ ಟೈಲ್ಸೇ ಇದೆ.

ಕಿವಿಗೆ ಏನೂ ಮಾಡಲಿಲ್ಲ. ಟೇಪ್ ಹಾಕಿ ಅಂದವರಿದ್ದರು. ಹಲ್ಲು ಬೀಳುವ ಕಾಲದಲ್ಲಿ ಕಿವಿ ಎತ್ತೆತ್ತಲೋ ತಿರುಗುವುದು ಹೊಸದಲ್ಲ, ದವಡೆ ಹಲ್ಲು ಬಂದ ಮೇಲೆ ತಾನೇ ಇಳಿಯಿತು. ಹಾಲುಹಲ್ಲು ರಬ್ಬರ್ ಗೆರೆಯಲ್ಲಿ ಸಿಕ್ಕಿ ಕಾಲಿಗೆ ಚುಚ್ಚುತ್ತಿದ್ದವು. ಮೇಲಿನ ಒಂದು ಕೋರೆ ಮಾತ್ರ ಹೊಸದು ಬಂದರೂ ಬೀಳಲಿಲ್ಲ, ತೆಗೆಸಬೇಕಾಯಿತು, ಮೂರು ಸಾವಿರ. ಅರಿವಳಿಕೆ ಕೊಡುವ ಮುಂಚೆ ಇದು ಬೇಟೆನಾಯಿ, ಮೈಯಲ್ಲಿ ಕೊಬ್ಬು ಕಡಿಮೆ ಅಂತ ಡಾಕ್ಟರಿಗೆ ನೆನಪಿಸಿ. ಕೆಲವು ಅರಿವಳಿಕೆ ಇವುಗಳಿಗೆ ಬೇಗ ಇಳಿಯುವುದಿಲ್ಲ.

ಹತ್ತನೇ ತಿಂಗಳಿಗೆ ಹೆಗಲು ಸೊಂಟವನ್ನು ಹಿಡಿಯಿತು. ಎದೆ ಮೊಣಕೈ ತನಕ ಇಳಿದದ್ದು ವರ್ಷ ತುಂಬಿದ ಮೇಲೆ. ಎಲ್ಲ ಸೇರಿ ಹಾಳಾದದ್ದು ಐದಾರು ಸಾವಿರ, ಕೆಲಸಕ್ಕೆ ಬಂದದ್ದು ಎಕ್ಸ್-ರೇ ಮತ್ತು ರಬ್ಬರ್. ರೋಲಿನಲ್ಲಿ ಇನ್ನೂ ಎಂಟು ಹತ್ತು ಅಡಿ ಉಳಿದಿದೆ. ಪುಣೆಯಲ್ಲಿ ಮರಿ ಇರುವವರು ಬಂದು ತಗೊಂಡು ಹೋಗಿ, ದುಡ್ಡು ಬೇಡ. ಕರದಂಟಿನ ಮಾತು ಮೊದಲೇ ಆಗಿದೆ.